ಧಣಿಗಾದ ಶಿಕ್ಷೆ

ಟೀಮಿನ ಧಣಿಗೆ ಶಿಕ್ಷೆಯಾಯಿತು ಎಂಬ ಸುದ್ದಿ ಬಂದಾಗ ಬಟ್ಟೆ ಒಗೆಯುವ ಕೋಣೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅನುಮಾನದಕ್ಕ ತಟ್ಟಲಿಲ್ಲ. ಅವಳ ಎರಡೂ ಕೈ ಮೊಣಕೈವರೆಗೆ ಸೋಪಿನ ನೀರಿನಲ್ಲಿದ್ದವು. ಗೋಲ್‌ಕೀಪರನ ಚಡ್ಡಿಗೆ ಹತ್ತಿದ ಹುಲ್ಲಿನ ಕಲೆಯನ್ನು ಉಜ್ಜುತ್ತಿದ್ದಳು. ಆ ಕಲೆ ಮೆಷಿನ್ನಿಗೆ ಹೆದರುವುದಿಲ್ಲ. ಮನುಷ್ಯರ ಬೆರಳಿಗೇ ಬಗ್ಗಬೇಕು.

"ಏನಂತೆ ಶಿಕ್ಷೆ?" ಎಂದು ಕೇಳಿದಳು.

"ಎರಡು ಸೀಸನ್ ಸ್ಟೇಡಿಯಂ ಒಳಗೆ ಕಾಲಿಡೋ ಹಾಗಿಲ್ಲ. ಟೀಮಿನ ಹತ್ರ ಸುಳಿಯೋ ಹಾಗಿಲ್ಲ. ಲೀಗಿನೋರೇ ಟಿವೀಲಿ ಹೇಳಿದ್ರು ಅತ್ತಿಗೆ," ಎಂದಳು ನಾದಿನಿ. ಬಟ್ಟೆ ಮಡಚುವ ಮೇಜು ಅವಳದು. ಇಪ್ಪತ್ತೆರಡರ ಹುಡುಗಿ. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ರಕ್ತ ಕಂಡಿತ್ತು.

"ಏನ್ ತಪ್ಪು ಮಾಡಿದ ಅಂತ ಹೇಳಿದ್ರಾ?"

ನಾದಿನಿ ಫೋನು ತಿರುಗಿಸಿ ಓದಿದಳು. "ಲೀಗಿನ ಘನತೆಗೆ ತಕ್ಕದ್ದಲ್ಲದ ನಡವಳಿಕೆ."

"ಅಷ್ಟೇನಾ?"

"ಅಷ್ಟೇ."

"ಹಾಗಾದ್ರೆ ಅದು ನಮ್ಮ ವಿಷಯ ಅಲ್ಲ ಬಿಡು. ಘನತೆ ಕಳಕೊಂಡಿದ್ದು ಲೀಗು. ನಾವು ಏನೂ ಕಳಕೊಂಡಿಲ್ಲ."

ಅನುಮಾನದಕ್ಕ ಎಂಬ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಹಾಲು ಕೊಟ್ಟರೆ ಮೂಸಿ ನೋಡುವವಳು. ಯಾರಾದರೂ ಹೊಗಳಿದರೆ, ಹಿಂದೆ ಬೇರೆ ಯಾರಾದರೂ ನಿಂತಿದ್ದಾರಾ ಎಂದು ತಿರುಗಿ ನೋಡುವವಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಎಲ್ಲರೂ ಹೇಳುತ್ತಾರೆ, ಆಮೇಲೆ ಮರೆಯುತ್ತಾರೆ. ಅವಳು ಅದನ್ನು ನಂಬಿ ಬದುಕಿದವಳು. ವರ್ಷಗಟ್ಟಲೆ ಪರರ ಬಿಳಿ ಬಟ್ಟೆ ಒಗೆದವರಿಗೆ ಬಿಳಿಯ ಮೇಲೆ ಭಕ್ತಿ ಉಳಿಯುವುದಿಲ್ಲ.

ಕೋಣೆ ಇದ್ದದ್ದು ಪ್ರೇಕ್ಷಕರ ಗ್ಯಾಲರಿಯ ಅಡಿಯಲ್ಲಿ. ಕಿಟಕಿ ಇಲ್ಲ. ಮೇಲೆ ಜನ ಕುಣಿದರೆ ಕೆಳಗೆ ಸುಣ್ಣ ಉದುರುತ್ತಿತ್ತು. ಗೋಡೆಗೆ ಎರಡು ದೊಡ್ಡ ಮೆಷಿನ್ನುಗಳು. ಒಂದರಲ್ಲಿ ಧಣಿಯ ಮೈಬಣ್ಣದ ಆಟಗಾರರ ಬಟ್ಟೆ. ಇನ್ನೊಂದರಲ್ಲಿ ಕಪ್ಪು ಹುಡುಗರ ಬಟ್ಟೆ. ಒಂದೇ ಜೆರ್ಸಿ, ಒಂದೇ ಬಟ್ಟೆ, ಒಂದೇ ಮೈದಾನದ ಕೆಸರು. ಆದರೂ ಎರಡು ಮೆಷಿನ್ನು. ಧಣಿಯ ಅಪ್ಪನ ಕಾಲದಲ್ಲಿ ಎರಡು ಕಲ್ಲುಗಳಿದ್ದವಂತೆ. ಆ ಕಲ್ಲಿನ ಮೇಲೆ ಒಗೆದು ಒಗೆದು ಅನುಮಾನದಕ್ಕನ ಅತ್ತೆಯ ಬೆರಳುಗಳು ಈಗ ನೆಟ್ಟಗಾಗುವುದಿಲ್ಲ, ಲೋಟ ಹಿಡಿಯಲೂ ಎರಡು ಕೈ ಬೇಕು. ಕಲ್ಲು ಹೋಗಿ ಮೆಷಿನ್ನು ಬಂತು. ಅದನ್ನು ಪ್ರಗತಿ ಎಂದರು.

ಇನ್ನೊಂದು ಪದ್ಧತಿ ಹೆಂಗಸರಿಗೆ. ಮ್ಯಾಚಿನ ದಿನ ಮುಟ್ಟಾದವಳು ಏಪ್ರನ್ನಿನ ಎದೆಗೆ ಕೆಂಪು ಕ್ಲಿಪ್ಪು ಸಿಕ್ಕಿಸಿಕೊಳ್ಳಬೇಕು. ಜೆರ್ಸಿ ಮುಟ್ಟಬಾರದು. ಹಿಂದಿನ ಅಂಗಳಕ್ಕೆ ಹೋಗಿ ಕಾಲೊರೆಸುವ ಚಾಪೆ, ಬೂಟಿನ ಚೀಲ ಉಜ್ಜಬೇಕು. ಹೆಂಗಸರ ಮೈಲಿಗೆ ತಾಗಿದರೆ ಟೀಮು ಸೋಲುತ್ತದೆ ಎಂದು ಧಣಿಯ ನಂಬಿಕೆ. ಮೂಟೆ ಹೊರುವ ಗಂಡಸರು ಆ ಕ್ಲಿಪ್ಪಿಗೆ 'ರೆಡ್ ಕಾರ್ಡ್' ಎಂದು ಹೆಸರಿಟ್ಟಿದ್ದರು. "ಇವತ್ತು ಯಾರಿಗೆ ರೆಡ್ ಕಾರ್ಡು?" ಎಂದು ಬಾಗಿಲಲ್ಲೇ ಕೂಗುತ್ತಿದ್ದರು. ನೋವಿಗೆ ಹೊಟ್ಟೆ ಹಿಡಿದುಕೊಂಡು ಬಗ್ಗಿ ಚಾಪೆ ಉಜ್ಜುವವಳಿಗೆ ಆ ನಗು ಬೆನ್ನ ಮೇಲೆ ಬೀಳುತ್ತಿತ್ತು.

ಟೀಮು ಸೋತ ಒಂದು ದಿನ ಧಣಿ ತಾನೇ ಕೆಳಗಿಳಿದು ಬಂದ. ಅವತ್ತು ಯಾರ ಎದೆಯಲ್ಲೂ ಕ್ಲಿಪ್ಪಿರಲಿಲ್ಲ. ಹೆಂಗಸರನ್ನು ಮೆಷಿನ್ನಿನ ಮುಂದೆ ಸಾಲಾಗಿ ನಿಲ್ಲಿಸಿದ. ಮೂಟೆಯವರು ನೋಡುತ್ತಿದ್ದರು, ಮೇಸ್ತ್ರಿ ನೋಡುತ್ತಿದ್ದ.

"ಹೊಲಸು ಮೈಯಲ್ಲಿ ನನ್ನ ಜೆರ್ಸಿ ಮುಟ್ಟಿದವಳು ಯಾರು?"

ಒಬ್ಬೊಬ್ಬಳ ಮುಂದೆಯೂ ನಿಂತು ಕೇಳಿದ. ಕೊನೆಗೆ ನಾದಿನಿಯ ಮುಂದೆ ಬಂದ. ಅವಳು ನೆಲ ನೋಡುತ್ತಿದ್ದಳು.

"ನೀನೇ ಇರಬೇಕು. ಲಂಗ ಎತ್ತಿ ತೋರಿಸು."

ನಾದಿನಿ ಏಪ್ರನ್ನನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ನಿಂತಳು. ಹಾಗೇ ನಿಂತಿದ್ದಳು. ಧಣಿ ನಕ್ಕ. ಆಮೇಲೆ ಎರಡನೇ ಮೆಷಿನ್ನಿಗೆ ಬೂಟುಗಾಲಿನಿಂದ ಒದ್ದ. "ಇದರಲ್ಲಿ ಆ ಕರಿ ನಾಯಿಗಳದ್ದು, ಅದರಲ್ಲಿ ಮನುಷ್ಯರದ್ದು. ಇಷ್ಟನ್ನೂ ಶುದ್ಧವಾಗಿ ಇಡೋಕೆ ಬರಲ್ಲ ಅಂದ್ರೆ ನಿಮಗೆ ಅನ್ನ ಯಾಕೆ ಹಾಕಬೇಕು?"

ಬಾಗಿಲಲ್ಲಿ ಗೋಡೆ ನಿಂತಿದ್ದ. ಗೋಲ್‌ಕೀಪರನಿಗೆ ಎಲ್ಲರೂ ಕರೆಯುವುದು ಹಾಗೆಯೇ. ಆಳೂ ಹಾಗೇ ಇದ್ದ, ಎತ್ತರಕ್ಕೆ, ಅಗಲಕ್ಕೆ, ಕಪ್ಪಗೆ. ಮರೆತ ಕೈಗವಸು ತೆಗೆದುಕೊಳ್ಳಲು ಬಂದವನು ಫೋನು ಎತ್ತಿ ಹಿಡಿದಿದ್ದ. ಅನುಮಾನದಕ್ಕ ಒಬ್ಬಳೇ ಅದನ್ನು ಕಂಡಳು. ಕಂಡೂ ಕಾಣದಂತೆ ಕಣ್ಣು ತಿರುಗಿಸಿದಳು. ಮರುದಿನ ಊರೆಲ್ಲ ಆ ವಿಡಿಯೋ ನೋಡಿತು. ಜಾಹೀರಾತು ಕೊಡುವ ಕಂಪನಿಗಳು ಮುಖ ತಿರುಗಿಸಿದವು. ಆಗ ಲೀಗಿಗೆ ದಿಢೀರನೆ ನೋವಾಯಿತು.

ವಿಚಾರಣೆಗೆ ಲೀಗು ಒಬ್ಬ ವಕೀಲಮ್ಮನನ್ನು ಕಳಿಸಿತು. ಮೆಲುದನಿಯ ಹೆಂಗಸು. ಮೇಲಿನ ತಣ್ಣಗಿನ ಕೋಣೆಯಲ್ಲಿ ಬಿಸ್ಕತ್ತು ಇಟ್ಟು, ನೀರು ಇಟ್ಟು, "ನಾನೂ ಹೆಣ್ಣೇ, ನಿಮ್ಮ ನೋವು ನನಗೆ ಅರ್ಥ ಆಗುತ್ತೆ," ಎಂದಳು. ಅನುಮಾನದಕ್ಕ ಬಿಸ್ಕತ್ತು ಮುಟ್ಟಲಿಲ್ಲ. ವಕೀಲಮ್ಮನ ಮೊದಲ ಪ್ರಶ್ನೆ ಬಂತು.

"ವಿಡಿಯೋ ಮಾಡಿದ್ದು ಯಾರು?"

"ಅದು ಯಾಕೆ ಬೇಕು?"

"ನಿಯಮ ಇದೆ. ಸ್ಟೇಡಿಯಂ ಒಳಗಿನ ಕೋಣೆಗಳಲ್ಲಿ ವಿಡಿಯೋ ಮಾಡೋ ಹಾಗಿಲ್ಲ. ಆ ತಪ್ಪನ್ನೂ ನೋಡಬೇಕಾಗುತ್ತೆ."

"ನಾನು ಬಟ್ಟೆ ನೋಡ್ತಿದ್ದೆ. ಯಾರನ್ನೂ ನೋಡ್ಲಿಲ್ಲ."

ಕುರಿ ಕಾಯಲು ತೋಳ ಬಂದಿದೆ ಎಂದು ಅವಳಿಗೆ ಅವತ್ತೇ ಅನಿಸಿತು. ನಾದಿನಿ ಮಾತ್ರ ಎಲ್ಲವನ್ನೂ ಹೇಳಿದಳು, ಮಾತು ಮಾತಿಗೆ ಅತ್ತು ಹೇಳಿದಳು. ವಕೀಲಮ್ಮ ಅವಳ ಕೈ ಹಿಡಿದುಕೊಂಡಿದ್ದಳಂತೆ.

ಶಿಕ್ಷೆಯಾದ ಮೇಲೆ ಕೆಳಗಿನ ಕೋಣೆಗೆ ಹೊಸ ರಬ್ಬರ್ ಗವಸು ಬಂದವು. ಗೋಡೆಗೆ ಒಂದು ಪೋಸ್ಟರ್ ಬಂತು: 'ಗೌರವವೇ ನಮ್ಮ ಆಟ.' ಕೆಂಪು ಕ್ಲಿಪ್ಪಿನ ಡಬ್ಬಿ ಮಾಯವಾಯಿತು. ಈಗ ಮೇಸ್ತ್ರಿ ಮ್ಯಾಚಿನ ದಿನ ಹತ್ತಿರ ಬಂದು, ಕಿವಿಯಲ್ಲಿ 'ಮುಟ್ಟಾ?' ಎಂದು ಕೇಳುತ್ತಿದ್ದ. ಅವನ ಉಸಿರು ಕತ್ತಿಗೆ ಬಡಿಯುತ್ತಿತ್ತು. ಎರಡು ಮೆಷಿನ್ನು ಹಾಗೇ ಇದ್ದವು. ಕೇಳಿದರೆ, "ಒಂದರಲ್ಲೇ ಹಾಕಿದ್ರೆ ಲೋಡ್ ಜಾಸ್ತಿ ಆಗುತ್ತೆ," ಎಂದ. ಮೂಗಿಗೆ ತುಪ್ಪ ಸವರಿದರೆ ವಾಸನೆಯಾದರೂ ಬರುತ್ತದೆ, ಇಲ್ಲಿ ಅದೂ ಇರಲಿಲ್ಲ.

ಒಂದು ಮ್ಯಾಚಿನ ನಂತರ ಮೇಲಿನ ಖಾಸಗಿ ಕೋಣೆಯಿಂದ ಬಂದ ಮೂಟೆ ಬಿಚ್ಚಿದಾಗ ಒಂದು ಟವೆಲಿಗೆ ಕೂದಲ ಬಣ್ಣ ಹತ್ತಿತ್ತು. ಆ ಕಲೆಯನ್ನು ಅಲ್ಲಿದ್ದ ಹೆಂಗಸರೆಲ್ಲರೂ ಬಲ್ಲರು. ಧಣಿ ಬೆವರಿದರೆ ಕಿವಿಯ ಹಿಂದೆ ಕರಿ ಬಣ್ಣ ಇಳಿಯುತ್ತದೆ. ಮುಂದಿನ ಮ್ಯಾಚಿನ ದಿನ ಅನುಮಾನದಕ್ಕ ಟವೆಲ್ ಕಟ್ಟನ್ನು ತಾನೇ ಹೊತ್ತು ಮೇಲೆ ಹೋದಳು.

ಧಣಿ ಸೋಫಾದ ಮೇಲಿದ್ದ. ಕಾಲು ಮೇಜಿನ ಮೇಲಿತ್ತು. ಗಾಜಿನಾಚೆ ಆಟ ನಡೆಯುತ್ತಿತ್ತು. ಪಕ್ಕದಲ್ಲಿ ತಟ್ಟೆ ಹಿಡಿದುಕೊಂಡು ಕೂತವಳು ವಕೀಲಮ್ಮ.

ಧಣಿ ಇವಳತ್ತ ತಿರುಗಲಿಲ್ಲ. ಆಟ ನೋಡುತ್ತಲೇ ಕೈ ಚಾಚಿದ. ಅವಳ ಕೈ ತಾನಾಗಿಯೇ ಹೋಗಿ ಟವೆಲು ಕೊಟ್ಟಿತು. ಕೊಟ್ಟ ಮೇಲೆ ಅವಳಿಗೆ ತನ್ನ ಕೈಯ ಮೇಲೇ ಅಸಹ್ಯ ಹುಟ್ಟಿತು. ಎಷ್ಟು ಕಲಿಸಿಬಿಟ್ಟಿದ್ದಾರೆ ಈ ಕೈಗೆ!

ವಕೀಲಮ್ಮ ತಟ್ಟೆ ಇಟ್ಟು ಅವಳ ಹಿಂದೆಯೇ ಹೊರಗೆ ಬಂದಳು. ಅವಳ ಮುಖದಲ್ಲಿ ಗಾಬರಿ ಇರಲಿಲ್ಲ. ಅದೇ ಹೆಚ್ಚು ಹೆದರಿಸಿತು.

"ನೀವು ತಪ್ಪು ತಿಳ್ಕೋಬಾರದು. ನಿಷೇಧ ಇರೋದು ಟೀಮಿನ ಜಾಗಕ್ಕೆ. ಇದು ಖಾಸಗಿ ಕೋಣೆ, ಬಾಗಿಲೂ ಬೇರೆ."

"ಸ್ಟೇಡಿಯಂ ಒಳಗೇ ಇದೆಯಲ್ಲಮ್ಮ?"

"ನಿಯಮದ ಪ್ರಕಾರ ಇಲ್ಲ." ವಕೀಲಮ್ಮ ಅವಳ ಭುಜದ ಮೇಲೆ ಕೈಯಿಟ್ಟಳು. "ನಿಮ್ಮನ್ನ ನಾನೇ ಕರೆಸಬೇಕು ಅಂತಿದ್ದೆ. ಫೈನಲ್ ದಿನ ಒಂದು ಸಣ್ಣ ಕಾರ್ಯಕ್ರಮ ಇದೆ. ಧಣಿಗಳು ಎಲ್ಲರ ಮುಂದೆ ವಿಷಾದ ಹೇಳ್ತಾರೆ. ನೀವು ಅವರ ಕೈ ಹಿಡಿದು, ಕ್ಷಮಿಸಿದ್ದೀನಿ ಅಂತ ಒಂದು ಮಾತು ಹೇಳಬೇಕು. ನೊಂದವರೇ ಕ್ಷಮಿಸಿದ್ರೆ ಶಿಕ್ಷೆ ಅಲ್ಲಿಗೆ ಮುಗಿಸಬಹುದು ಅಂತ ನಿಯಮ ಇದೆ."

"ಕಪ್ ಗೆದ್ರೆ ಎತ್ತೋಕೆ ಅವರು ಬೇಕಲ್ಲ."

ವಕೀಲಮ್ಮ ನಕ್ಕಳು. "ನೀವು ಜಾಣೆ. ಕೇಳಿ. ಕೆಳಗಿರೋ ಹನ್ನೊಂದು ಹೆಂಗಸರ ಕೆಲಸವೂ ಕಾಯಂ ಆಗುತ್ತೆ. ನಾನೇ ಮಾತಾಡಿದ್ದೀನಿ. ಇಲ್ಲ ಅಂದ್ರೆ ಮುಂದಿನ ಸೀಸನ್‌ಗೆ ಒಗೆಯೋ ಕೆಲಸ ಹೊರಗಿನ ಕಂಪನಿಗೆ ಹೋಗುತ್ತಂತೆ. ಯೋಚನೆ ಮಾಡಿ."

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ಇವರು ಅರೆದು ಮುಗಿಸಿ, ಕೋಳಿಗೆ ರುಚಿ ನೋಡಲು ಕರೆದಿದ್ದರು. ಆದರೂ ಹನ್ನೊಂದು ಜನರ ಕೂಲಿ. ಅನುಮಾನದಕ್ಕನ ಗಂಡ ಲಾರಿ ಓಡಿಸುವವನು, ತಿಂಗಳಲ್ಲಿ ಅರ್ಧದಷ್ಟು ದಿನ ಊರಲ್ಲಿರುವುದಿಲ್ಲ. ಅತ್ತೆಯ ಮಾತ್ರೆ, ಮನೆ ಬಾಡಿಗೆ ಎಲ್ಲವೂ ನಿಂತಿದ್ದದ್ದು ಅವಳ ಮತ್ತು ನಾದಿನಿಯ ಕೈ ಮೇಲೆ.

ಅವತ್ತು ಸಂಜೆ ಸ್ಟೇಡಿಯಂ ಗೇಟಿನ ಬಳಿ ಅವಳು ಇನ್ನೊಂದನ್ನು ಕಂಡಳು. ನಾದಿನಿ ವಕೀಲಮ್ಮನ ಕಾರಿನಿಂದ ಇಳಿಯುತ್ತಿದ್ದಳು.

ಅನುಮಾನದಕ್ಕ ದಾರಿಯುದ್ದಕ್ಕೂ ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಮನೆಯ ಬಾಗಿಲು ಹಾಕಿದ ಮೇಲೆ ಚಪ್ಪಲಿಯನ್ನೂ ಬಿಡದೆ ಕೇಳಿದಳು.

"ಎಷ್ಟಕ್ಕೆ ಒಪ್ಪಿಕೊಂಡೆ?"

ನಾದಿನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ತುಟಿ ಬಿಳಿಚಿತು.

"ನಾನಾಗೇ ಹೋಗಿದ್ದೆ ಅತ್ತಿಗೆ. ಕ್ಷಮೆ ಕೇಳೋದಾದ್ರೆ ನನ್ನ ಕೇಳ್ಲಿ, ಲಂಗ ಎತ್ತು ಅಂದಿದ್ದು ನನಗೆ ಅಂತ ಹೇಳೋಕೆ ಹೋಗಿದ್ದೆ. ಕಾರಲ್ಲಿ ಕೂರಿಸ್ಕೊಂಡು ಬುದ್ಧಿ ಹೇಳಿದ್ರು. ನನ್ನ ಕಣ್ಣಲ್ಲಿ ಸಿಟ್ಟು ಕಾಣುತ್ತಂತೆ. ಟಿವೀಲಿ ಚೆನ್ನಾಗಿರಲ್ವಂತೆ. ನಿನ್ನ ಮುಖದಲ್ಲಿ ತಾಯ್ತನ ಇದೆಯಂತೆ."

ಅನುಮಾನದಕ್ಕ ಬಾಗಿಲಿಗೊರಗಿ ಕೂತಳು. ಜಗತ್ತನ್ನೆಲ್ಲ ಅನುಮಾನಿಸಿದವಳು, ಅನುಮಾನಿಸಬಾರದ ಒಬ್ಬಳನ್ನೂ ಬಿಡಲಿಲ್ಲ. ನಾಚಿಕೆಯಿಂದ ಅವಳಿಗೆ ಅಳು ಬಂತು.

ಮೂಲೆಯ ಮಂಚದಿಂದ ಅತ್ತೆ ಬಾಯಿ ಹಾಕಿದಳು. "ಅಳೋಕೆ ಏನಾಯ್ತೇ? ಬಾಯಲ್ಲಿ ಕ್ಷಮಿಸಿದ್ದೀನಿ ಅನ್ನು, ಮನಸ್ಸಲ್ಲಿ ಥೂ ಅನ್ನು. ನಾನು ಬದುಕಿದ್ದು ಹಾಗೇ. ಅವರಪ್ಪನ ಎದುರಿಗೆ ದಿನಾ ಥೂ ಅಂದಿದ್ದೀನಿ, ಒಂದು ದಿನಾನೂ ಅವನಿಗೆ ಕೇಳಿಸಿಲ್ಲ."

"ಅದಕ್ಕೇ ಅಲ್ವಾ ಅಮ್ಮ, ಅವನ ಮಗ ನನ್ನ ತನಕ ಬಂದಿದ್ದು?" ಎಂದಳು ನಾದಿನಿ.

ಮುದುಕಿ ತನ್ನ ಬಗ್ಗಿದ ಬೆರಳುಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ಅನುಮಾನದಕ್ಕ ಮುಖ ಒರೆಸಿಕೊಂಡು, "ಹನ್ನೊಂದು ಜನರ ಕೂಲಿ ಕಣೇ," ಎಂದಳು. "ಗೊತ್ತು," ಎಂದಳು ನಾದಿನಿ. ಮರುದಿನ ಅನುಮಾನದಕ್ಕ ವಕೀಲಮ್ಮನಿಗೆ ಹೂಂ ಎಂದಳು.

ಫೈನಲ್ ದಿನ ಬೆಳಿಗ್ಗೆ ಕೋಣೆಗೆ ಹೊಸ ಜೆರ್ಸಿಗಳು ಬಂದವು. ಅಚ್ಚ ಬಿಳಿ. ಬೆನ್ನಿಗೆ ನಂಬರಿಲ್ಲ, ಕಾರ್ಯಕ್ರಮದಲ್ಲಿ ತೊಡಲು ಮಾತ್ರ. ಎದೆಯ ಮೇಲೆ ದಪ್ಪ ಅಕ್ಷರದಲ್ಲಿ 'ನಾವೆಲ್ಲ ಒಂದೇ' ಎಂದು ಬರೆದಿತ್ತು. ಗಂಜಿ ಬಿಡಿಸಿ ಇಸ್ತ್ರಿ ಮಾಡಿ ಕೊಡಬೇಕು. ಆಟದ ನೀಲಿ ಜೆರ್ಸಿಗಳು ಒಗೆದು ಇಸ್ತ್ರಿಯಾಗಿ ಆಗಲೇ ಮರದ ಕಪಾಟಿನಲ್ಲಿದ್ದವು. ಕಾರ್ಯಕ್ರಮ ಮುಗಿದ ಮೇಲೆ ಅವು ಮೇಲೆ ಹೋಗಬೇಕು.

ಮೇಸ್ತ್ರಿ ಬಂದು ಬಿಳಿ ಜೆರ್ಸಿಗಳನ್ನು ನೆಲಕ್ಕೆ ಸುರಿದ. ಬೆನ್ನ ಮೇಲಿನ ಹೆಸರು ಓದುತ್ತಾ ಕಾಲಿನಿಂದಲೇ ಎರಡು ರಾಶಿ ಮಾಡಿದ.

"ಇವು ಇದಕ್ಕೆ. ಅವು ಅದಕ್ಕೆ."

"ಎದೆ ಮೇಲೆ ಏನ್ ಬರೆದಿದೆ ನೋಡಿದ್ರಾ ಮೇಸ್ತ್ರಿ?" ಎಂದಳು ಅನುಮಾನದಕ್ಕ.

"ಅದನ್ನ ಓದೋರು ಬೇರೆ ಇದ್ದಾರೆ. ಧಣಿ ತೊಡೋದೂ ಇದರಲ್ಲಿದೆ. ಹುಷಾರು."

"ಹೊಸ ಬಟ್ಟೆ. ಇನ್ನೂ ಯಾರ ಬೆವರೂ ಬಿದ್ದಿಲ್ಲ."

"ಹೆಸರು ಬಿದ್ದಿದೆಯಲ್ಲ," ಎಂದ ಮೇಸ್ತ್ರಿ. ಅವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಸಿಳ್ಳೆ ಹಾಕುತ್ತಾ ಹೊರಟುಹೋದ.

ಹೆಂಗಸರೆಲ್ಲ ಅವಳ ಮುಖ ನೋಡಿದರು. ಅವಳು ಎರಡೂ ಮೆಷಿನ್ನಿಗೆ ಬಟ್ಟೆ ತುಂಬಿದಳು.

ಮೈದಾನದ ಮಧ್ಯೆ ಅವಳನ್ನು ನಿಲ್ಲಿಸಿದರು. ಹೊಸ ಬಟ್ಟೆ ಉಡಿಸಿದ್ದರು. ಕ್ಯಾಮೆರಾಗಳಿದ್ದವು. ಹಿಂದೆ ಬಿಳಿ ಜೆರ್ಸಿಯ ಆಟಗಾರರು, ಅವರ ಮುಂದೆ ಗೋಡೆ ನಿಂತಿದ್ದ. ಅವನನ್ನು ಹೊಸದಾಗಿ ಕ್ಯಾಪ್ಟನ್ ಮಾಡಿದ್ದರು. ಅವತ್ತಿನಿಂದ ಅವನು ಕೋಣೆಗೆ ಬರುವುದನ್ನು ಬಿಟ್ಟಿದ್ದ. ಈಗಲೂ ಅವಳ ಕಣ್ಣು ತಪ್ಪಿಸಿದ. ಧಣಿ ಬಂದ. ಎದೆಯ ಮೇಲೆ 'ನಾವೆಲ್ಲ ಒಂದೇ.' ಮೈಕಿನಲ್ಲಿ ಹೇಳಿದ: "ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ."

ಯಾರಿಗಾದರೂ. ಆಗಿದ್ದರೆ.

ವಕೀಲಮ್ಮ ಇನ್ನೊಂದು ಮೈಕು ತಂದು ಅವಳ ಕೈಗಿಟ್ಟಳು. "ಒಂದೇ ಮಾತು," ಎಂದು ಪಿಸುಗುಟ್ಟಿದಳು. ಧಣಿ ಕೈ ಚಾಚಿದ. ಮೊನ್ನೆ ಟವೆಲಿಗೆ ಚಾಚಿದ ಹಾಗೆಯೇ, ಅವಳತ್ತ ನೋಡದೆ, ಕ್ಯಾಮೆರಾ ನೋಡುತ್ತಾ.

ಈ ಸಲ ಅವಳ ಕೈ ಹೋಗಲಿಲ್ಲ.

"ನಾನು ಕ್ಷಮಿಸೋಕೆ ಬಂದಿಲ್ಲ," ಎಂದಳು. "ಈಗ ನೀವು ತೊಟ್ಟಿರೋ ಬಟ್ಟೇನೂ ಇವತ್ತು ಬೆಳಿಗ್ಗೆ ಎರಡು ಮೆಷಿನ್‌ನಲ್ಲಿ ಒಗೆಸಿದ್ದಾರೆ. ಏನೂ ಬದಲಾಗಿಲ್ಲ. ಈ ಧಣಿ ಒಂದು ದಿನಾನೂ ಸ್ಟೇಡಿಯಂ ಬಿಟ್ಟು ಹೋಗಿಲ್ಲ."

ಅವಳ ಧ್ವನಿ ಹತ್ತಿರ ನಿಂತವರಿಗಷ್ಟೇ ಕೇಳಿಸಿತು. ಮೈಕಿಗೆ ಕರೆಂಟೇ ಕೊಟ್ಟಿರಲಿಲ್ಲ. ಮೇಲಿನಿಂದ ಇನ್ಯಾರದೋ ಕಂಠ ಮೊಳಗಿತು: "ಒಬ್ಬ ತಾಯಿಯ ದೊಡ್ಡ ಮನಸ್ಸು! ಆಕೆ ಕ್ಷಮಿಸಿದ್ದಾರೆ!" ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದೊಡ್ಡ ಪರದೆಯ ಮೇಲೆ ಅವಳ ಬಾಯಿ ಮಾತ್ರ ಅಲುಗಾಡುತ್ತಿತ್ತು. ಇಬ್ಬರು ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಕರೆದೊಯ್ದರು. ಗೋಡೆ ಹತ್ತಿರವೇ ಇದ್ದ. ಅವನಿಗೆ ಎಲ್ಲ ಕೇಳಿಸಿತ್ತು. ತಲೆ ತಗ್ಗಿಸಿದ.

ಅನುಮಾನ ಪಟ್ಟದ್ದಕ್ಕೆ ಅವಳಿಗೆ ಜೀವನದಲ್ಲಿ ಮೊದಲ ಸಲ ನಗು ಬಂತು. ಎಷ್ಟು ಅನುಮಾನಪಟ್ಟರೂ ಇವರಿಗೆ ಸಾಲದು! ತನ್ನ ಬಾಯನ್ನೂ ಬಾಡಿಗೆಗೆ ತೆಗೆದುಕೊಂಡುಬಿಟ್ಟರು, ತನ್ನನ್ನು ಕೇಳದೆ.

ಕೆಳಗೆ ಕೋಣೆಯಲ್ಲಿ ಹೆಂಗಸರು ಫೋನಿನಲ್ಲಿ ನೋಡುತ್ತಿದ್ದರು. ಕೆಲವರು ಖುಷಿಯಾಗಿದ್ದರು. ಕೆಲಸ ಉಳಿಯಿತಲ್ಲ. ನಾದಿನಿ ಮಾತ್ರ ಮೇಜಿಗೆ ಬೆನ್ನು ಹಾಕಿ ನಿಂತಿದ್ದಳು.

"ನಾನು ಕ್ಷಮಿಸಿಲ್ಲ," ಎಂದಳು ಅನುಮಾನದಕ್ಕ ಬಾಗಿಲಲ್ಲೇ. "ಬಾಯಿಬಿಟ್ಟು ಹೇಳಿದೆ. ಮೈಕು ಸತ್ತಿತ್ತು."

ನಾದಿನಿ ಕಪಾಟು ತೆರೆದಳು. ಆಟದ ನೀಲಿ ಜೆರ್ಸಿಗಳನ್ನು ಎರಡೂ ತೋಳಲ್ಲಿ ತಬ್ಬಿ ಎತ್ತಿ, ಚಾಪೆ ತೊಳೆಯುವ ತೊಟ್ಟಿಗೆ ಹಾಕಿದಳು. ಯಾರದು ಯಾರ ರಾಶಿ ಎಂದು ನೋಡಲಿಲ್ಲ. ನಲ್ಲಿ ತಿರುಗಿಸಿದಳು. ನೀರು ಧೋ ಎಂದು ಬಿತ್ತು.

"ಅಯ್ಯೋ, ಕೆಲಸ ಹೋಗುತ್ತೇ!" ಎಂದಳೊಬ್ಬಳು.

"ಹೋಗುತ್ತೆ," ಎಂದಳು ಅನುಮಾನದಕ್ಕ. "ಒಪ್ಪಿಕೊಂಡಿದ್ರೂ ಹೋಗ್ತಿತ್ತು. ಸತ್ತ ಮೈಕು ಕೊಟ್ಟವರು ಕಾಯಂ ಕೆಲಸ ಕೊಡ್ತಾರಾ?" ಅವಳು ಉಳಿದ ಚಡ್ಡಿ, ಕಾಲುಚೀಲಗಳನ್ನು ಎತ್ತಿಕೊಂಡಳು. ಅಯ್ಯೋ ಎಂದವಳು ಇನ್ನೂ ಅಯ್ಯೋ ಎನ್ನುತ್ತಲೇ ಕೊನೆಯ ಕಟ್ಟನ್ನು ತಂದು ನೀರಿಗೆ ಹಾಕಿದಳು.

ಮೂಟೆಯವರು ಬಂದು ನೋಡಿ ಓಡಿದರು. ಮೇಸ್ತ್ರಿ ಬಂದು ಬೈದ, ಆಮೇಲೆ ಬೇಡಿದ. ಹನ್ನೊಂದು ಹೆಂಗಸರೂ ತೊಟ್ಟಿಯ ಸುತ್ತ ಒತ್ತಾಗಿ ಕೂತರು. ಕೊನೆಗೆ ವಕೀಲಮ್ಮ ಇಳಿದು ಬಂದಳು. ನೆಲದ ನೀರಿನಲ್ಲಿ ಅವಳ ಬೂಟು ಪಚಪಚ ಎಂದಿತು. ಅವಳ ಹಿಂದೆ ಗೋಡೆ ಬಂದ. ಬಿಳಿ ಜೆರ್ಸಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಿದ್ದ.

"ವಿಡಿಯೋ ಮಾಡಿದ್ದು ನಾನು," ಎಂದ ವಕೀಲಮ್ಮನಿಗೆ. ಹೇಳಿ ಹೋಗಿ ಹೆಂಗಸರ ಪಕ್ಕದಲ್ಲಿ ಒದ್ದೆ ನೆಲದ ಮೇಲೆ ಕೂತ.

ವಕೀಲಮ್ಮನ ಮೆಲುದನಿ ಎಲ್ಲೋ ಹೋಗಿತ್ತು. "ಏನ್ ಬೇಕು ನಿಮಗೆ? ಬೇಗ ಹೇಳಿ. ಆಟ ಶುರುವಾಗಬೇಕು. ಅವರು ಇನ್ನೊಂದು ಸಲ ವಿಷಾದ ಹೇಳಬೇಕಾ? ಹೇಳಿಸ್ತೀನಿ."

ಅನುಮಾನದಕ್ಕ ನಾದಿನಿಯ ಕಡೆ ತಿರುಗಿದಳು. "ಇವಳನ್ನ ಕೇಳಿ."

ನಾದಿನಿ ಎದ್ದು ನಿಂತಳು. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ವಿಷಾದ ಬೇಡ. ಇಲ್ಲಿ ನನಗೆ ಏನಂದ್ರೋ ಅದನ್ನ ಹೇಳ್ಲಿ. ಮೈಕಲ್ಲಿ, ಎಲ್ಲರ ಮುಂದೆ, ಅದೇ ಮಾತಲ್ಲಿ. ಲಂಗ ಎತ್ತು ಅಂದೆ ಅಂತ. ಕರಿ ನಾಯಿಗಳು ಅಂದೆ ಅಂತ. ಆಮೇಲೆ ಕ್ಷಮಿಸೋದೋ ಬಿಡೋದೋ ನಾನು ನೋಡ್ತೀನಿ."

"ಹುಚ್ಚು ಹಿಡಿದಿದೆಯಾ ನಿನಗೆ?" ವಕೀಲಮ್ಮ ಕಿರುಚಿದಳು. "ಅಂಥ ಮಾತನ್ನ ಮೈಕಲ್ಲಿ ಹೇಗೆ ಹೇಳೋದು? ಮೇಲೆ ಹೆಂಗಸರು ಕೂತಿದ್ದಾರೆ!"

"ನಾವೂ ಹೆಂಗಸರೇ ಆಗಿದ್ವಿ ಅಮ್ಮ, ಆವತ್ತು," ಎಂದಳು ನಾದಿನಿ.

ಮೇಲೆ ಜನ ಆಟಕ್ಕಾಗಿ ಕೂಗತೊಡಗಿದ್ದರು. ಸುಣ್ಣ ಉದುರುತ್ತಿತ್ತು. ನಲ್ಲಿ ನಿಲ್ಲಿಸಲು ಯಾರೂ ಏಳಲಿಲ್ಲ.